ಪಾಳುಮನೆಗೊಬ್ಬ ಯಜಮಾನ

ನಮ್ಮ ಬೀದಿಯ ನಿವಾಸಿಗಳು ತೆರಿಗೆ ಕಟ್ಟುವುದರಲ್ಲಿ ಎಂದೂ ಹಿಂದೆ ಬಿದ್ದವರಲ್ಲ ಎಂಬುದನ್ನು ನಿವಾಸಿಗಳ ಸಂಘದ ಕಾರ್ಯದರ್ಶಿಯಾದ ನಾನು ಈ ಮೂಲಕ ಸರ್ವರ ಗಮನಕ್ಕೆ ತರುತ್ತಿದ್ದೇನೆ. ಮನೆ ತೆರಿಗೆ, ನೀರಿನ ತೆರಿಗೆ, ಕಸದ ತೆರಿಗೆ, ದೀಪದ ತೆರಿಗೆ ಮೊದಲಿನಿಂದಲೂ ಇದ್ದವು. ಹೋದ ವರ್ಷ ಬೀದಿ ಸೌಂದರ್ಯ ತೆರಿಗೆ ಬಂತು. ಅದನ್ನೂ ಗೊಣಗುತ್ತ ಕಟ್ಟಿದೆವು. ಗೊಣಗುವುದಕ್ಕೆ ಇನ್ನೂ ತೆರಿಗೆ ಹಾಕಿಲ್ಲ.

ಇಷ್ಟೆಲ್ಲ ಕಟ್ಟಿದರೂ ಬೀದಿಯ ನಟ್ಟನಡುವೆ ಒಂದು ಪಾಳುಮನೆ ನಿಂತೇ ಇತ್ತು. ಮಾಡು ಅರ್ಧ ಕುಸಿದಿತ್ತು, ಕಿಟಕಿಯಿಂದ ಗಿಡಗಳು ಹೊರಗೆ ಕೈ ಚಾಚಿದ್ದವು, ಒಳಗೆ ಹೆಗ್ಗಣಗಳು ಸಂಸಾರ ಹೂಡಿದ್ದವು. ಅದರ ಯಜಮಾನ ಸತ್ತು ಎಷ್ಟೋ ಕಾಲವಾಗಿತ್ತು, ವಾರಸುದಾರರು ಯಾರೂ ಇರಲಿಲ್ಲ. ನಾವೆಲ್ಲ ಅದರೊಳಗೆ ಕಸ ಎಸೆಯುತ್ತಿದ್ದೆವು ಎಂಬ ಆರೋಪದಲ್ಲಿ ಹುರುಳಿದೆ. ಕಸದ ಗಾಡಿ ಬರುವುದಿಲ್ಲವಾದ್ದರಿಂದ ಎಲ್ಲಾದರೂ ಎಸೆಯಲೇಬೇಕಿತ್ತು.

ಪಕ್ಕದ ಮನೆ ನಮ್ಮ ಟೈಲರನದು. ಪಾಳುಮನೆಯ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ಅವನ ಮನೆಯ ಗೋಡೆಗೆ ಒರಗಿತ್ತು. ಈಚೆ ಬದಿಯಲ್ಲಿ ಅವನ ಹೊಲಿಗೆ ಮಿಷನ್ನು, ಅದರ ಪಕ್ಕದಲ್ಲಿ ಅವನ ಅತ್ತೆಯ ಮಂಚ. ವರ್ಷಗಟ್ಟಲೆ ಊರವರ ಪ್ಯಾಂಟಿನ ಕಾಲು ಮೊಟಕು ಮಾಡಿ ಮಾಡಿ ಕಟ್ಟಿಸಿದ ಮನೆ ಅದು. ಅದೊಂದನ್ನು ಬಿಟ್ಟರೆ ಅವನಿಗೆ ಬೇರೆ ಆಸ್ತಿಯಿಲ್ಲ.

"ಸೆಕ್ರೆಟರಿ ಸಾರ್, ಆ ಗೋಡೆ ಲಟಲಟ ಅಂತಿದೆ. ಬಿದ್ರೆ ನಮ್ಮನೇನೂ ಕರ್ಕೊಂಡೇ ಬೀಳತ್ತೆ. ಏನಾದ್ರೂ ಮಾಡಿ ಸಾರ್," ಎಂದು ಅವನು ಕಂಡಾಗಲೆಲ್ಲ ಗೋಗರೆಯುತ್ತಿದ್ದ. ಕೊನೆಗೆ ಅವನನ್ನು ಕರೆದುಕೊಂಡು ಪಾಳು ನಿವಾರಣಾ ಕಚೇರಿಗೆ ಹೋದೆ.

ಪಾಳು ನಿವಾರಣಾಧಿಕಾರಿಗಳು ಸಜ್ಜನರು. ಅವರ ಕೋಣೆಯ ಚಾವಣಿಯಿಂದ ಮೇಜಿನ ಪಕ್ಕಕ್ಕೆ ನೀರು ತೊಟ್ಟಿಕ್ಕುತ್ತಿತ್ತು. ಕೆಳಗೊಂದು ಬಕೆಟ್ಟು ಇಟ್ಟಿದ್ದರು. ಬಕೆಟ್ಟಿನ ಮೇಲೆ ಕಚೇರಿಯ ಮುದ್ರೆಯಿತ್ತು.

"ಸೌಂದರ್ಯ ತೆರಿಗೆ ಕಟ್ತೀವಲ್ಲ ಸಾರ್, ಆ ದುಡ್ಡಲ್ಲಿ ಪಾಳುಮನೆ ಕೆಡವಿಸಬಾರದಾ?" ಎಂದು ಕೇಳಿದೆ.

"ಸೌಂದರ್ಯ ತೆರಿಗೆ ಸೌಂದರ್ಯಕ್ಕೆ ಮಾತ್ರ. ನೀವು ಹೇಳ್ತಿರೋದು ಕುರೂಪ. ಕುರೂಪಕ್ಕೆ ಇನ್ನೂ ತೆರಿಗೆ ಹಾಕಿಲ್ಲ."

"ಹಾಕಿಬಿಡಿ ಸಾರ್!" ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಅವರು ಅದನ್ನು ಸಾರ್ವಜನಿಕರ ಬೇಡಿಕೆ ಎಂದು ಬರೆದುಕೊಂಡರು.

"ಇನ್ನು ಕೆಡವೋ ವಿಚಾರ," ಎಂದು ಮುಂದುವರಿಸಿದರು. "ಮೊದಲು ಯಜಮಾನರ ಕೈಗೆ ನೋಟಿಸು ಕೊಡಬೇಕು."

"ಯಜಮಾನ್ರು ಸತ್ತುಹೋಗಿದ್ದಾರೆ ಸಾರ್," ಎಂದ ಟೈಲರ್.

"ಗೊತ್ತು. ಎಷ್ಟೋ ಸಲ ಕರೆಸಿದ್ವಿ, ಬರಲಿಲ್ಲ. ಸತ್ತವರಿಗೆ ಇಷ್ಟೊಂದು ಉಡಾಫೆ ಇರಬಾರದು."

"ಮನೆ ಗೋಡೆಗೆ ಅಂಟಿಸಬಹುದಲ್ಲ?" ಎಂದೆ ನಾನು.

"ಗೋಡೆ ಬಿದ್ರೆ? ನೋಟಿಸು ಕಚೇರಿ ಆಸ್ತಿ ಕಣ್ರೀ."

ಟೈಲರನ ಮುಖ ಬಾಡಿದ್ದನ್ನು ಕಂಡು ಅಧಿಕಾರಿಗಳಿಗೆ ಕರುಣೆ ಬಂತು. ನಿಯಮಾವಳಿ ತೆಗೆದು ಗಂಟಲು ಸರಿಮಾಡಿಕೊಂಡು ಓದಿದರು: "ಯಜಮಾನರಿಲ್ಲದ ಮನೆಯಲ್ಲಿ ಯಾರು ಒಲೆ ಹಚ್ಚುವರೋ ಅವರನ್ನೇ ಅದರ ಯಜಮಾನರೆಂದು ಭಾವಿಸತಕ್ಕದ್ದು. ಯಾವ ಮನೆಯಲ್ಲಿ ಒಲೆ ಉರಿಯದೋ ಆ ಮನೆಯನ್ನು ಪಾಳೆಂದು ಭಾವಿಸತಕ್ಕದ್ದು." ಮೊದಲ ವಾಕ್ಯ ಕೇಳಿದ ಖುಷಿಯಲ್ಲಿ ಎರಡನೆಯದು ನಮ್ಮಿಬ್ಬರ ಕಿವಿಗೂ ಬೀಳಲಿಲ್ಲ.

ಸಂಜೆಯೇ ಸಂಘದ ತುರ್ತು ಸಭೆ ಸೇರಿತು. ಪಾಳುಮನೆಯಲ್ಲಿ ಒಲೆ ಹಚ್ಚಿ ಯಜಮಾನನಾಗಿ ನೋಟಿಸು ಪಡೆಯುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಟೈಲರನ ಮುಖ ನೋಡಿದರು. ಅಳುವ ಮಗುವಿಗೇ ಹಾಲು ಎಂಬುದು ಸಂಘದ ಮೊದಲಿನ ನೀತಿ. ಆಯ್ಕೆ ಅವಿರೋಧವಾಗಿ ನಡೆಯಿತು. ಅವನು ವಿರೋಧಿಸಿದ್ದನ್ನು ವಿನಯವೆಂದು ಪರಿಗಣಿಸಲಾಯಿತು.

"ಎಷ್ಟು ದಿನ ಸಾರ್?"

"ನೋಟಿಸು ಬರೋವರೆಗೆ ಮಾರಾಯ. ತಗೋ, ಸಹಿ ಹಾಕು, ನಿನ್ನ ಮನೆಗೆ ನೀನು ಬಾ," ಎಂದೆ.

ಅವನ ಅತ್ತೆ ಮಾತ್ರ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲೇ ನಿಂತರು. "ಅಳಿಯಂದಿರೇ, ಇರೋ ಮನೆ ಬಿಟ್ಟು ಬೀಳೋ ಮನೆಗೆ ಹೋಗೋ ಬುದ್ಧಿ ನಿಮ್ಮದೋ, ಈ ಸೆಕ್ರೆಟರಿಗಳದ್ದೋ?"

"ನಿಮ್ಮ ಮಂಚ ಉಳೀಲಿ ಅಂತಲೇ ಅಲ್ವಾ ಅತ್ತೆ..."

"ನನ್ನ ಮಂಚ ನಾನು ನೋಡ್ಕೋತೀನಿ," ಎಂದು ಗೊಣಗಿದರೂ ಕೈಯಲ್ಲಿ ಪೊರಕೆ ಹಿಡಿದೇ ಹೊರಟರು. ಪೊರಕೆ ಹಿಡಿದ ಮೇಲೆ ಆ ಹೆಂಗಸು ಸುಮ್ಮನಿರುವವರಲ್ಲ. ನಮ್ಮ ಕಸವನ್ನೆಲ್ಲ ಗುಡಿಸಿ ಹೊರಹಾಕಿದರು, ಗಿಡ ಕಿತ್ತರು, ಹೆಗ್ಗಣಗಳನ್ನು ಒದ್ದೋಡಿಸಿದರು. ಟೈಲರನ ಹೆಂಡತಿ ನೆಲ ಸಾರಿಸಿ ಗೋಡೆಗೆ ಸುಣ್ಣ ಬಳಿದಳು. ಟೈಲರ್ ಉಳಿದ ಬಟ್ಟೆ ಜೋಡಿಸಿ ಕಿಟಕಿಗೆ ಪರದೆ ಹೊಲಿದ. ಒಲೆಯಿಂದ ಹೊಗೆಯೆದ್ದಾಗ ಇಡೀ ಬೀದಿ ಚಪ್ಪಾಳೆ ತಟ್ಟಿತು. ಜಾಗ ತಪ್ಪಿದ ಹೆಗ್ಗಣಗಳು ಬೀಗ ಹಾಕಿದ್ದ ಟೈಲರನ ಮನೆಗೆ ನುಗ್ಗಿದವು. ಬೀದಿಯಲ್ಲಿ ಖಾಲಿಯಿದ್ದದ್ದು ಅದೊಂದೇ.

ಕಚೇರಿಯವರು ಬಂದು ಹೊಗೆಯನ್ನು ಮೂಸಿ ನೋಡಿ ಹೋದರು. ಕೆಲವು ದಿನಗಳಲ್ಲಿ ನೋಟಿಸು ಬಂತು. ಟೈಲರ್ ಕೈ ಒರೆಸಿಕೊಂಡು, ಓದದೆಯೇ ಸಹಿ ಹಾಕಿ, ಕಣ್ಣಿಗೊತ್ತಿಕೊಂಡು ನನ್ನ ಕೈಗಿತ್ತ. ನಾನು ಎಲ್ಲರಿಗೂ ಕೇಳುವಂತೆ ಓದಿದೆ: "ತಮ್ಮ ಪಕ್ಕದ ಮನೆಯಲ್ಲಿ ಒಲೆ ಉರಿಯದೆ, ಬೀಗ ಜಡಿದು, ಹೆಗ್ಗಣಗಳು ಸೇರಿಕೊಂಡಿರುವುದು ಕಂಡುಬಂದಿದ್ದು, ಸದರಿ ಮನೆಯನ್ನು ಪಾಳೆಂದು ತೀರ್ಮಾನಿಸಿ, ಅದರ ಯಜಮಾನರಾದ ತಮ್ಮ ಗಮನಕ್ಕೆ ತಂದು, ಕೆಡವಲು ಆದೇಶಿಸಲಾಗಿದೆ."

ಟೈಲರ್ ಕಚೇರಿಗೆ ಓಡಿದ. ನಾನೂ ಹಿಂದೆ ಓಡಿದೆ.

"ಸಾರ್, ಅದು ನನ್ನ ಮನೆ! ಕೆಡವಬೇಕಾಗಿದ್ದು ಇನ್ನೊಂದು!"

"ಇನ್ನೊಂದರಲ್ಲಿ ಒಲೆ ಉರೀತಿದೆ," ಎಂದರು ಅಧಿಕಾರಿಗಳು. "ಸುಣ್ಣ ಬಳಿದಿದೆ. ಪರದೆ ಬೇರೆ ಇದೆ. ಪರದೆ ಇರೋ ಮನೆ ಕೆಡವೋಕೆ ನಾವೇನು ರಾಕ್ಷಸರಾ?"

"ಈಗಲೇ ಹೋಗಿ ನಮ್ಮನೇಲಿ ಒಲೆ ಹಚ್ತೀನಿ ಸಾರ್."

"ನೋಟಿಸು ಪಡೆದ ಮನೇಲಿ ಬೆಂಕಿ ಹಚ್ಚೋದು ಅಪರಾಧ. ಮೊದಲೇ ಹಚ್ಚಬೇಕಿತ್ತು."

"ನಮ್ಮ ಅತ್ತೇನೋ ಹೆಂಡ್ತೀನೋ ಅಲ್ಲೇ ಇದ್ದು ಹಚ್ಚಿದ್ರೆ ಆಗ್ತಿತ್ತಾ?"

"ಒಂದು ಸಂಸಾರಕ್ಕೆ ಒಂದೇ ಒಲೆ ಕಣಪ್ಪಾ. ಎರಡು ಒಲೆ ಅಂದ್ರೆ ಎರಡು ಸಂಸಾರ. ಅದು ಬೇರೆ ಇಲಾಖೆ."

ಟೈಲರ್ ನನ್ನ ಎರಡೂ ಕೈ ಹಿಡಿದುಕೊಂಡ. "ಬೀದಿಯವರೆಲ್ಲ ಬಂದು ಒಂದು ಮಾತು ಹೇಳಿ ಸಾರ್. ನಿಮ್ಮ ಮಾತು ಕೇಳಿ ಹೋದೋನು ನಾನು."

ಸಂಘ ಮತ್ತೆ ಸೇರಿತು, ದೀರ್ಘವಾಗಿ ಚರ್ಚಿಸಿತು. ಒಂದು ಮನೆ ಕೆಡವಿ ಎಂದು ಕೇಳಿದವರು ನಾವೇ. ಕಚೇರಿ ಒಂದು ಮನೆ ಕೆಡವಲು ಒಪ್ಪಿದೆ. ಬೇಡಿಕೆ ಈಡೇರುವ ಹೊತ್ತಿನಲ್ಲಿ ಯಾವ ಮನೆ ಎಂದು ತಕರಾರು ತೆಗೆಯುವುದು ಸಭ್ಯತೆಯಲ್ಲ ಎಂದು ನಿರ್ಣಯವಾಯಿತು. ನನಗೆ ಆ ರಾತ್ರಿ ಊಟ ಸೇರಲಿಲ್ಲ. ನಿರ್ಣಯಕ್ಕೆ ಸಹಿ ಮಾತ್ರ ಹಾಕಿದ್ದೆ.

ಕೆಡವುವ ಯಂತ್ರ ಬಂದ ದಿನ ಅತ್ತೆ ಬೆಳಗ್ಗೆಯೇ ಎರಡೂ ಮನೆಗಳಿಂದ ಸಾಮಾನು ಹೊರಗೆ ಹಾಕಿಸಿದರು. ಮಂಚ, ಹೊಲಿಗೆ ಮಿಷನ್ನು, ಉರಿಯುತ್ತಿದ್ದ ಒಲೆ, ಎಲ್ಲ ಬೀದಿಗೆ ಬಂತು. "ಇದೆಲ್ಲ ಯಾಕಮ್ಮಾ, ನೀವಿರೋ ಮನೆ ಕೆಡವಲ್ಲ," ಎಂದು ಅಧಿಕಾರಿಗಳು ನಕ್ಕರು. "ನಿಮ್ಮ ಈ ನಗು ಗೊತ್ತಿದ್ದೇ ಹೊರಗೆ ಹಾಕಿಸಿದೆ," ಎಂದರು ಆಕೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಟೈಲರನ ಮನೆ ಉರುಳಿತು. ಇಷ್ಟು ಕಾಲ ಅದಕ್ಕೆ ಒರಗಿದ್ದ ಪಾಳುಮನೆ, ಒರಗಲು ಏನೂ ಸಿಗದೆ, ಸುಣ್ಣ ಪರದೆಗಳ ಸಮೇತ ಅದರ ಮೇಲೆಯೇ ಬಿತ್ತು. ಧೂಳು ಇಳಿದಾಗ ಬೀದಿಯಲ್ಲಿ ಪಾಳುಮನೆ ಇರಲಿಲ್ಲ. "ಒಂದೇ ಖರ್ಚಲ್ಲಿ ಎರಡು ಕೆಲಸ!" ಎಂದು ಅಧಿಕಾರಿಗಳು ಸಂತೋಷಪಟ್ಟರು. ಟೈಲರ್ ತನ್ನ ಹೊಸಿಲ ಕಲ್ಲೊಂದನ್ನು ಹುಡುಕುತ್ತಿದ್ದ. ಅವನ ಜೊತೆ ಹುಡುಕೋಣವೆಂದು ನಾನೂ ಎರಡು ಹೆಜ್ಜೆ ಇಟ್ಟೆ, ಸುಳ್ಳು ಹೇಳುವುದಿಲ್ಲ. ಆದರೆ ವಂದನಾರ್ಪಣೆ ಕಾರ್ಯದರ್ಶಿಯ ಕರ್ತವ್ಯ. ಮಾಡಿದೆ.

ಈಗ ಟೈಲರನ ಸಂಸಾರ ಅದೇ ಜಾಗದಲ್ಲಿ ಟಾರ್ಪಾಲಿನ ಕೆಳಗಿದೆ. ಒಲೆ ಉರಿಯುವುದರಿಂದ ಅದು ಮನೆಯೇ, ಮನೆ ತೆರಿಗೆಯುಂಟು. ಟಾರ್ಪಾಲು ಚೆನ್ನಾಗಿಲ್ಲದ್ದರಿಂದ ನಾನು ಕೇಳಿಕೊಂಡ ಕುರೂಪ ತೆರಿಗೆಯೂ ಉಂಟು. ಗೋಡೆ ಬೀಳುವ ಹೆದರಿಕೆಯೊಂದು ಅವನಿಗೆ ಪೂರ್ತಿ ಹೋಗಿದೆ.

ಮೊನ್ನೆ ಪ್ಯಾಂಟು ಮೊಟಕು ಮಾಡಿಸಲು ಅಲ್ಲಿಗೆ ಹೋಗಿದ್ದೆ. ಟೈಲರ್ ತಲೆಯೆತ್ತದೆ ಅಳತೆ ತೆಗೆದುಕೊಂಡ. ಅತ್ತೆ ಒಲೆ ಊದುತ್ತ ಕೇಳಿದರು: "ಸೆಕ್ರೆಟರಿಗಳೇ, ಬೇಸಿಗೆಗೆ ಎಲ್ಲರೂ ಮಗಳ ಮನೆಗೆ ಹೋಗ್ತೀರಂತೆ. ನಿಮ್ಮನೇಲಿ ಒಲೆ ಯಾರು ಹಚ್ತಾರೆ?"

ನಾವು ಹೋಗಲಿಲ್ಲ. ವಿಷಯ ಹರಡಿ ಬೀದಿಯಲ್ಲಿ ಈಗ ಯಾರೂ ಎಲ್ಲಿಗೂ ಹೋಗುವುದಿಲ್ಲ, ಯಾರೂ ಒಲೆ ಆರಿಸುವುದೂ ಇಲ್ಲ. ಬೇಯಿಸಲು ಏನೂ ಇಲ್ಲದಿದ್ದರೆ ಬರೀ ನೀರು ಕಾಯಿಸುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಎದುರು ಮನೆ ಕಾಣದಷ್ಟು ಹೊಗೆ. ಹೊಗೆ ತೆರಿಗೆ ಬಂದಿದೆ. ಗೊಣಗದೆ ಕಟ್ಟುತ್ತಿದ್ದೇವೆ.