ಮೂರನೇ ಮಣ್ಣೆತ್ತು

ಬಸ್ಸಿನಲ್ಲಿ ನಮ್ಮ ಕಾಕಾನ ಪಕ್ಕ ಕೂತವರು ನಮ್ಮ ನೆಂಟರಾಗದೆ ಇಳಿದ ಉದಾಹರಣೆಯೇ ಇಲ್ಲ! ಹಾವೇರಿಯಲ್ಲಿ ಬಸ್ಸು ಹತ್ತಿದರೆ ರಾಣೆಬೆನ್ನೂರು ಬರುವುದರೊಳಗೆ ಅವರ ಅಡ್ಡಹೆಸರು, ಮನೆದೇವರು, ಮುತ್ತಜ್ಜ ಯಾವ ಊರಿನಿಂದ ಎದ್ದು ಬಂದ ಎಂಬುದೆಲ್ಲ ಹೊರಬಿದ್ದಿರುತ್ತಿತ್ತು. ನಿದ್ದೆಯ ನಟನೆ ಮಾಡಿದವರನ್ನೂ ಬಿಡುತ್ತಿರಲಿಲ್ಲ. "ಮಕ್ಕೊಂಡ್ರ ಥೇಟ್ ನಮ್ಮಪ್ಪನಂಗ ಕಾಣ್ತೀರಿ ನೋಡ್ರಿ" ಎಂದು ಒಬ್ಬರನ್ನು ತಟ್ಟಿ ಎಬ್ಬಿಸಿದ್ದನ್ನು ನಾನೇ ಕಂಡಿದ್ದೇನೆ. ಕಂಡಿದ್ದೇನೆಯೇ? ಅಥವಾ ಅವ್ವ ಹೇಳಿ ಹೇಳಿ ಕಂಡಂತಾಗಿದೆಯೇ? ದಿನಾ ಡೈರಿ ಬರೆಯುವ ನಾನು ಕಾಕಾನ ವಿಷಯದಲ್ಲಿ ಮಾತ್ರ ನನ್ನ ನೆನಪನ್ನು ನಂಬುವುದಿಲ್ಲ.

ಕಾಕಾ ಎಂದರೆ ಅಪ್ಪನ ತಮ್ಮ. ಮದುವೆಯಾಗಲಿಲ್ಲ, ನಮ್ಮ ಮನೆಯಲ್ಲೇ ಇದ್ದ. ನಮ್ಮ ಮನೆತನದ ಬಗ್ಗೆ ನಮಗೆ ಗೊತ್ತಿದ್ದದ್ದು ಇಷ್ಟೇ: ಯಾವುದೋ ಕಾಲಕ್ಕೆ ಇಬ್ಬರು ಅಣ್ಣತಮ್ಮಂದಿರು ಮೂರು ಎತ್ತು ಹೊಡೆದುಕೊಂಡು ಊರು ಬಿಟ್ಟರು. ಒಂದು ಎತ್ತು ದಾರಿಯಲ್ಲಿ ಬಿದ್ದು ಸತ್ತಿತು. ಉಳಿದವುಗಳನ್ನು ಹಂಚಿಕೊಂಡು ಒಬ್ಬೊಬ್ಬರು ಒಂದೊಂದು ದಿಕ್ಕು ಹಿಡಿದರು. ಅದಕ್ಕೇ ಮಣ್ಣೆತ್ತಿನ ಅಮಾವಾಸ್ಯೆಗೆ ಊರೆಲ್ಲ ಜೋಡೆತ್ತು ಮಾಡಿ ಪೂಜಿಸಿದರೆ ನಮ್ಮ ಮನೆಯಲ್ಲಿ ಮೂರು. ಮೂರನೆಯದು ಕಾಲು ಮಡಚಿ ಮಲಗಿರುತ್ತದೆ. ನಾವು ತಮ್ಮನ ಕಡೆಯವರು; ಬೇರೆ ದಿಕ್ಕು ಹಿಡಿದ ಆ ಅಣ್ಣನ ವಂಶವನ್ನು ಹುಡುಕುವುದೇ ಕಾಕಾನ ಉದ್ಯೋಗ.

"ಯಾಕ ಬೇಕು ಕಾಕಾ ಇದೆಲ್ಲ?" ಎಂದು ಕೇಳಿದ್ದೆ.

"ನಾಳೆ ನನಗ ಹೆಗಲು ಕೊಡಾಕ ನಾಲ್ಕು ಮಂದಿ ಬೇಕಲ್ಲವಾ. ನಿಮ್ಮಪ್ಪ ಒಬ್ಬನ ಅದಾನ."

"ಓಣ್ಯಾಗ ಮಂದಿ ಇಲ್ಲೇನು?"

"ಅದಾರ, ಬರ್ತಾರ. ಹೊರುವಾಗನೂ ಗಡಿಯಾರ ನೋಡ್ತಾರ. ನಮ್ಮವರು ಬೇಕು."



ಒಮ್ಮೆ ಅಪ್ಪ ಹತ್ತಿ ಬೀಜ ತರಲು ಕಾಕಾನನ್ನು ರಾಣೆಬೆನ್ನೂರಿಗೆ ಕಳಿಸಿದ. ಅಂಗಡಿಯವನ ಮೂಗು ನಮ್ಮ ಮನೆತನದ ಮೂಗಿನಂತೆ ಕಂಡಿತಂತೆ. ಬೀಜ ಮರೆತು ಕೇಳಿದ್ದಾನೆ: "ನಿಮ್ಮ ಮನ್ಯಾಗ ಎತ್ತು ಎಷ್ಟ್ರಿ?"

"ನಾವು ಟ್ರ್ಯಾಕ್ಟರ್ ಇಟ್ಟೇವ್ರಿ."

ಆ ವರ್ಷ ನಮ್ಮ ಹೊಲದಲ್ಲಿ ಹತ್ತಿ ಬಿತ್ತಿದ್ದು ಎಲ್ಲರಿಗಿಂತ ತಡವಾಗಿ.

ನಾನು ಎಂ.ಎ. ಮುಗಿಸಿ ಮನೆಗೆ ಬಂದಾಗ ಬ್ಯಾಡಗಿಯಿಂದ ಒಂದು ಸಂಬಂಧ ಬಂತು. ಹುಡುಗನದು ಮೆಣಸಿನಕಾಯಿ ದಲಾಲಿ ಅಂಗಡಿ. ನನ್ನನ್ನು ನೋಡಲು ಬಂದವನ ಅಂಗಿಯಲ್ಲೇ ಮಾರ್ಕೆಟ್ಟಿನ ಘಾಟು! ಚಹಾ ಕೊಡುವಾಗ ಸೀನಿಬಿಟ್ಟೆ. ಅವನು ನಕ್ಕು, "ರೂಢಿ ಆಗತೈತಿ ಬಿಡ್ರಿ" ಅಂದ. ರೂಢಿಯಾಗಲಿ ಎಂದು ನನಗೂ ಅನ್ನಿಸಿತ್ತು. ಈ ನೆನಪಿನ ಬಗ್ಗೆ ನನಗೆ ಸಂಶಯವಿಲ್ಲ.

ಎರಡೂ ಮನೆಯ ಅಡ್ಡಹೆಸರು ಬೇರೆ ಬೇರೆ ಇದ್ದುದರಿಂದ ಯಾರಿಗೂ, ಕಾಕಾನಿಗೂ, ಅನುಮಾನ ಬರಲಿಲ್ಲ. ಆಷಾಢ ಹಿಡಿಯುವುದರೊಳಗೆ ಮಾತು ಮುಗಿಯಲಿ ಎಂದು ಅಪ್ಪ ಮಣ್ಣೆತ್ತಿನ ಅಮಾವಾಸ್ಯೆಯ ದಿನವೇ ಅವ್ವನನ್ನೂ ಕಾಕಾನನ್ನೂ ಕರೆದುಕೊಂಡು ಹುಡುಗನ ಮನೆ ನೋಡಲು ಹೋದ. ಮುಂದಿನದು ನಾನು ಕಂಡದ್ದಲ್ಲ, ಅವ್ವ ಹೇಳಿದ್ದು.

ಉಪ್ಪಿಟ್ಟಿನ ತಾಟು ಹಿಡಿದಿದ್ದ ಕಾಕಾ ಗೋಡೆಯ ಗೂಡಿನತ್ತ ನೋಡಿದ. ಅಲ್ಲಿ ಮೂರು ಮಣ್ಣೆತ್ತು! ಒಂದು ಕಾಲು ಮಡಚಿ ಮಲಗಿತ್ತು. ತಾಟು ನೆಲಕ್ಕೆ ಬಿತ್ತು. ಹುಡುಗನ ತಂದೆಯನ್ನು ತಬ್ಬಿಕೊಂಡು, "ಸಿಕ್ಕಿಯಲ್ಲೋ ಅಣ್ಣಾ! ನಮ್ಮ ಮನ್ಯಾಗೂ ಮೂರ ಎತ್ತು!" ಎಂದು ಅಳತೊಡಗಿದ. ಆ ಮನೆಯವರ ಬಾಯಲ್ಲೂ ಅದೇ ಕಥೆ, ಅದೇ ಎತ್ತು. ಅವರೂ ಅತ್ತರು. ಅಪ್ಪನೊಬ್ಬನೇ ಅಳಲಿಲ್ಲ. ಅವನು ಕೇಳಿದ: "ಅಣ್ಣತಮ್ಮರಾದ್ರ ಹೆಣ್ಣು ಕೊಡೂದು ಹೆಂಗೋ?"

ಒಂದೇ ಮನೆತನ. ಹುಡುಗ ನನಗೆ ಅಣ್ಣನಾಗಬೇಕು.

ಕಾಕಾನ ಮುಖ ನೋಡಲಾಗಲಿಲ್ಲವಂತೆ. "ಇಲ್ರೀ, ತಪ್ಪಾತು! ನಮ್ಮ ಮನ್ಯಾಗ ಎರಡ ಎತ್ತು. ನಾ ಸುಳ್ಳು ಹೇಳಿದೆ!" ಎಂದು ಎಲ್ಲರ ಕೈ ಹಿಡಿದ. ಜೀವಮಾನವೆಲ್ಲ ಹುಡುಕಿ ಪಡೆದ ಅಣ್ಣನನ್ನು ಅರ್ಧ ತಾಸಿನಲ್ಲಿ ಕಳೆದುಕೊಳ್ಳಲು ತಯಾರಾದ.

ಆದರೆ ಹುಡುಗನ ಅಜ್ಜಿ ಬಿಡಬೇಕಲ್ಲ! "ಮೊದಲ ಹೇಳಿದಾಗ ನಿನ್ನ ದನಿ ಗಟ್ಟಿ ಇತ್ತು ತಮ್ಮಾ. ಈಗ ನಡಗಾಕತ್ತೈತಿ."

ಮಾತು ಅಲ್ಲಿಗೇ ಮುರಿಯಿತು.

ಮನೆಗೆ ಬಂದ ಕಾಕಾ ನನ್ನ ಎದುರು ಕೂತ. "ಬೈಯವಾ" ಅಂದ. ನಾನು ಬೈಯಲಿಲ್ಲ, ಎದ್ದು ಒಳಗೆ ಹೋದೆ. ಬೈದಿದ್ದರೆ ಚಲೋ ಇತ್ತೇನೋ. ಆಮೇಲೆ ಅವನು ಬ್ಯಾಡಗಿಯ ಕಡೆ ತಲೆ ಹಾಕಲಿಲ್ಲ. ಅವರು ಹಬ್ಬಕ್ಕೆ ಕರೆದರೂ ಹೋಗಲಿಲ್ಲ. ಬಸ್ಸಿನಲ್ಲಿ ಕಿಟಕಿಯತ್ತ ಮುಖ ಮಾಡಿ ಕೂರುತ್ತಿದ್ದ. ಪಕ್ಕದವರು ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದರು. ಮುಂದೆ ನನಗೆ ಎಲ್ಲಿಂದ ಸಂಬಂಧ ಬಂದರೂ ಮನೆ ನೋಡಲು ಅವನು ಒಲ್ಲೆ ಅಂದ. ನಾನೂ ಒಲ್ಲೆ ಅಂದೆ.

ಕೆಲವು ವರ್ಷಗಳ ಮೇಲೆ ಕಾಕಾ ತೀರಿಕೊಂಡ. ಓಣಿಯವರು ಬಂದರು, ಒಬ್ಬರು ಗಡಿಯಾರ ನೋಡಿದ್ದೂ ಖರೇ. ಎತ್ತುವ ಹೊತ್ತಿಗೆ ಬ್ಯಾಡಗಿಯಿಂದ ಜೀಪು ಬಂತು. ನನ್ನನ್ನು ನೋಡಲು ಬಂದಿದ್ದ ಅವನು ಇಳಿದ. ಚಪ್ಪಲಿ ಬಿಟ್ಟು, ಯಾರನ್ನೂ ಕೇಳದೆ, ಅಪ್ಪನ ಪಕ್ಕ ನಿಂತು ಹೆಗಲು ಕೊಟ್ಟ.

ಮಣ್ಣು ಮುಗಿಸಿ ಬಂದವರ ಕಾಲಿಗೆ ನೀರು ಕೊಡಲು ನಾನು ಬಾಗಿಲಲ್ಲಿದ್ದೆ. ಅವನ ಅಂಗಿಯಲ್ಲಿ ಅದೇ ಘಾಟು. ನನ್ನ ಕಣ್ಣು ತುಂಬಿದವು. ಅವನು ತಂಬಿಗೆ ಇಸಿದುಕೊಂಡು ಮೆಲ್ಲಗೆ ಕೇಳಿದ:

"ಇನ್ನೂ ರೂಢಿ ಆಗಿಲ್ಲೇನವಾ, ತಂಗೀ?"