ಎರಡು ಕೈಯ ಇಕ್ಕಳ

ಮುರಿದ ಬಲಗೈ ಸೊಟ್ಟಗೆ ಕೂಡಿಕೊಂಡ ಮೇಲೆ ಹೊನ್ನವ್ವನಿಗೆ ಒಲೆಯ ಮೇಲಿನ ಪಾತ್ರೆ ಇಳಿಸುವುದೇ ಕಷ್ಟವಾಗಿತ್ತು. ನಿನ್ನೆ ಇಕ್ಕಳ ಜಾರಿ ಬಿಸಿ ಗಂಜಿ ಕಾಲ ಮೇಲೆ ಚೆಲ್ಲಿತು. "ಏನೂ ಆಗಿಲ್ಲ ಬಿಡ್ರಿ" ಎಂದಳು. ಗಂಡ ಸಿದ್ದಲಿಂಗಪ್ಪನಿಗೆ ಊಟ ಸೇರಲಿಲ್ಲ.

ಬೆಳಿಗ್ಗೆ ಹಾವೇರಿಗೆ ಹೋಗಿ ಮುನಾಫನ ಗುಜರಿ ಅಂಗಡಿಯಲ್ಲಿ ಒಂದು ಭಾರಿ ಇಕ್ಕಳ ಹುಡುಕಿದ. ಮೊಳದುದ್ದದ ಎರಡು ಹಿಡಿಕೆ, ಹಲ್ಲು ಕಿತ್ತ ಮೊಸಳೆಯಂಥ ಮೊಂಡು ಬಾಯಿ.

"ಇದು ಯಾತಕ್ಕ ಬರ್ತೈತೋ ಮುನಾಫ?"

"ಹಿಡಿಯಾಕ ಬರ್ತೈತಿ ಕಾಕಾ. ಏನ ಹಿಡೀತೀರಿ ಅನ್ನೂದು ನಿಮಗ ಬಿಟ್ಟಿದ್ದು."

ಊರಿಗೆ ಮರಳುವ ಕರ್ಜಗಿ ಬಸ್ಸಿನಲ್ಲಿ ಒಬ್ಬ ಅದನ್ನು ನೋಡಿ ಪೈಪ್ ಬಿಚ್ಚುವುದು ಎಂದ. ಇನ್ನೊಬ್ಬ ಹಲ್ಲು ಕೀಳುವುದು ಎಂದ. ಕಂಡಕ್ಟರ್ ಬಾಯಿ ಮುಚ್ಚಿಕೊಂಡೇ ಟಿಕೆಟ್ ಕೊಟ್ಟ.

ಮನೆಯಲ್ಲಿ ಹೊನ್ನವ್ವ ಅದನ್ನು ಎತ್ತಿ ನೋಡಿದಳು. "ಚೊಲೋ ಐತ್ರಿ. ಆದ್ರ ಇದನ್ನ ಎತ್ತಾಕ ಇನ್ನೊಂದು ಇಕ್ಕಳ ತರಬೇಕು."

ಇದನ್ನು ಹಿಡಿಯುವ ಉಪಾಯ ಬೇರೆ ಇದ್ದೀತು, ಕೇಳೋಣ ಎಂದು ಸಿದ್ದಲಿಂಗಪ್ಪ ಪಕ್ಕದ ಮನೆಯ ನಾಗರಾಜನ ಕೊಟ್ಟಿಗೆಗೆ ಹೋದ. ಮೂವತ್ತು ವರ್ಷದ ಗೆಳೆಯ. ದಿನಾ ಸಂಜೆ ಇಬ್ಬರದೂ ಒಂದೇ ಕಟ್ಟೆಯ ಮೇಲೆ ಚಹಾ. ನಾಗರಾಜ ತನ್ನ ಹೋರಿ 'ಮಿಂಚು'ವಿನ ಮೈ ತಿಕ್ಕುತ್ತಿದ್ದ. ಸುತ್ತಲಿನ ಯಾವ ಹೋರಿ ಹಬ್ಬದಲ್ಲೂ ಅದನ್ನು ಹಿಡಿದವನಿರಲಿಲ್ಲ.

ಸಿದ್ದಲಿಂಗಪ್ಪ ಹೋರಿಯ ಹಿಂದೆಯೇ ನಿಂತು ಇಕ್ಕಳದ ಬಾಯಿ ತೆರೆದು ಟಕ್ಕೆಂದು ಮುಚ್ಚಿದ. "ಇದೇನಂತ ಹೇಳೋ ನಾಗ್ಯಾ!"

"ಲೇ! ಅದು ಹೋರಿ ಬೀಜ ಒಡಿಯೋ ಇಕ್ಕಳ! ದನದ ಡಾಕ್ಟರ ಹತ್ರ ಇರೂದು! ನನ್ನ ಮಿಂಚು ಮ್ಯಾಲ ಕಣ್ಣ ಹಾಕೀದೇನು?"

"ಅನ್ನ ಇಳಿಸಾಕ ತಂದೇನಿ ಮಾರಾಯಾ!"

"ಅನ್ನದ ಗಡಿಗಿಗೆ ಎಲ್ಲೈತಲೇ ಬೀಜ?"

ಓಣಿಯೇ ನೆರೆಯಿತು. ಹೋರಿಗೂ ವಿಷಯ ತಿಳಿದಂತೆ ಹಿಂಭಾಗವನ್ನು ಗೋಡೆಗೆ ಒತ್ತಿ ನಿಂತಿತು. ನಾಗರಾಜ ಇಕ್ಕಳ ಕಸಿದುಕೊಂಡ. "ಇನ್ನ ನನ್ನ ಹೊಸ್ತಿಲ ತುಳೀಬ್ಯಾಡ."

ಮನೆಗೆ ಬಂದ ಸಿದ್ದಲಿಂಗಪ್ಪ ಅರಿವೆ ಹಿಡಿದು ತಾನೇ ಪಾತ್ರೆ ಇಳಿಸಿ ಬೆರಳು ಸುಟ್ಟುಕೊಂಡ. ಹೊನ್ನವ್ವ ಸೊಟ್ಟ ಕೈಯಿಂದಲೇ ಬೆಣ್ಣೆ ಹಚ್ಚಿದಳು.

"ಇಕ್ಕಳ ಯಾಕ ಬೇಕ್ರಿ? ನೀವ ಅದೀರಲ್ಲ."

"ನಾ ಅದೇನಿ. ನಾಗ್ಯಾ ಇಲ್ಲ."

ಸಂಜೆ ಕಟ್ಟೆ ಬರಿದಾಗಿತ್ತು. ಹಿತ್ತಲ ಬಾಗಿಲಿಂದ ನಾಗರಾಜನ ಹೆಂಡತಿ ಚೌಡವ್ವ ಬಂದಳು. ಸೆರಗಿನ ಒಳಗಿಂದ ಅದೇ ಇಕ್ಕಳ ಹೊರಬಂತು.

"ಬಾವಿಗೆ ಒಗಿ ಅಂತ ಕೊಟ್ಟಾರ ಅಣ್ಣಾ. ನೀವು ಮುಚ್ಚಿಡ್ರಿ. ಹಾಲು, ತತ್ತಿ, ಬದಾಮಿ ಎಲ್ಲಾ ಆ ಹೋರಿಗೆ. 'ಉಂಡಿ ಏನು' ಅಂತ ನನ್ನ ಕೇಳಿ ಮೂರು ವರ್ಷ ಆತು. ಸೋಮವಾರ ಅವರು ಬ್ಯಾಡಗಿಗೆ ಹೋಗ್ತಾರ. ಇದರಿಂದ ಅದರ ಬೀಜ ಒಡ್ಯಾಕ ದನದ ಡಾಕ್ಟರಿಗೆ ಬಾ ಅಂತ ಹೇಳೇನಿ."

ಸಿದ್ದಲಿಂಗಪ್ಪ ಬೇಡ ಎನ್ನುವಷ್ಟರಲ್ಲಿ ಅದನ್ನು ಅವನ ಕೈಗೆ ತುರುಕಿ ಹೋದಳು. ಅಷ್ಟರಲ್ಲೇ ಮುಂಬಾಗಿಲಲ್ಲಿ ದನಿ ಕೇಳಿತು.

"ಸಿದ್ಲಿಂಗಾ!" ನಾಗರಾಜನ ಕಣ್ಣು ಒದ್ದೆಯಾಗಿತ್ತು. "ಹೊನ್ನಕ್ಕನ ಕಾಲ ಮ್ಯಾಲ ಗಂಜಿ ಬಿದ್ದಿದ್ದು ಈಗ ಗೊತ್ತಾತು. ನಂದ ತಪ್ಪು. ಆ ಇಕ್ಕಳ ಬಾವಿ ಸೇರೈತಿ, ಎಲ್ಲಾ ಮರತಬಿಡು. ಬಾ ಇಲ್ಲಿ."

ತೋಳು ಚಾಚಿದ. ಸಿದ್ದಲಿಂಗಪ್ಪ ಅಲುಗಾಡಲಿಲ್ಲ. ಅವನ ಎರಡೂ ಕೈ ಬೆನ್ನ ಹಿಂದೆ ಇದ್ದವು.

"ಯಾಕಲೇ, ಇನ್ನೂ ಸಿಟ್ಟೇನು?" ಎನ್ನುತ್ತಾ ನಾಗರಾಜ ತಾನೇ ಬಂದು ಗೆಳೆಯನನ್ನು ಬಿಗಿಯಾಗಿ ತಬ್ಬಿ ಬೆನ್ನು ಸವರಿದ. ಕೈಗೆ ತಣ್ಣನೆಯ ಕಬ್ಬಿಣ ಸಿಕ್ಕಿತು.