ರೀಲಿಗೆ ಕುಂಕುಮ

ಎಲ್ಲವೂ ಎಂದಿನಂತೆ ಇದ್ದ ಕೊನೆಯ ಭಾನುವಾರ ನಮ್ಮ ಮನೆಯಲ್ಲಿ ಜಗಳ ನಡೆದದ್ದು ಒಂದು ಹಲ್ಲುಜ್ಜುವ ಬ್ರಷ್ಷಿನ ವಿಷಯಕ್ಕೆ. ಹೆಬ್ಬಗೋಡಿಯ ಬಾಡಿಗೆ ಮನೆಯ ಹಾಲಿನಲ್ಲಿ ಹಳೆಯ ಪೇಪರು ಹಾಸಿಕೊಂಡು ನಮ್ಮ ಮನೆಯವರು ಮೀನು ಹಿಡಿಯುವ ರೀಲನ್ನು ಬಿಚ್ಚಿ ಹರಡಿಕೊಂಡು ಕೂತಿದ್ದರು. ರೀಲು ಎಂದರೆ ಗಾಳದ ಕೋಲಿಗೆ ಸಿಕ್ಕಿಸಿ ದಾರ ಸುತ್ತುವ, ಮುಷ್ಟಿಯಷ್ಟು ದೊಡ್ಡ ಯಂತ್ರ. ಅದರ ಹಲ್ಲುಚಕ್ರದ ಸಂದಿಯಲ್ಲಿದ್ದ ಹಳೆಯ ಗ್ರೀಸು ತೆಗೆಯಲು ಅವರು ಆರಿಸಿಕೊಂಡಿದ್ದು ನಾನು ಆಗಷ್ಟೇ ಕವರು ಹರಿದಿಟ್ಟಿದ್ದ ನನ್ನ ಬ್ರಷ್ಷು. "ನಿಮ್ಮ ಬ್ರಷ್‌ಗೆ ಏನಾಗಿತ್ರಿ?" ಎಂದೆ. "ನಂದು ಬಿರುಸು ಐತಿ. ಗೇರಿಗೆ ಗೀರು ಬೀಳ್ತಾವು" ಎಂದರು ತಲೆ ಎತ್ತದೆ. "ಹಂಗಾರ ನಾ ಏನು ಮಾಡ್ಲಿ?" "ನಂದು ತಗೋ, ನಿನ್ನ ಹಲ್ಲು ಗಟ್ಟಿ ಅದಾವು." ಈ ಮಾತಿಗೆ ನಾನು ಮಧ್ಯಾಹ್ನದವರೆಗೆ ಮಾತು ಬಿಟ್ಟೆ. ಅವರು ಅದನ್ನು ಗಮನಿಸಿದಂತೆ ಕಾಣಲಿಲ್ಲ. ಮರುದಿನ ಫ್ಯಾಕ್ಟರಿಯ ಟೂಲ್‌ರೂಮಿನಲ್ಲಿ ನಿಂತಲ್ಲೇ ಎದೆ ಹಿಡಿದುಕೊಂಡರಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು.

ಅವರ ಹವ್ಯಾಸದ ಬಗ್ಗೆ ಹೇಳದಿದ್ದರೆ ಮುಂದಿನದು ಯಾರಿಗೂ ಅರ್ಥವಾಗದು. ನಮ್ಮದು ಬಾಗಲಕೋಟೆ ಕಡೆಯ, ಮೊಟ್ಟೆಯೂ ಹೊಸ್ತಿಲು ದಾಟದ ಮನೆತನ. ಅಂಥ ಮನೆಯ ಗಂಡಸು ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಗಾಳ ಹಿಡಿದು ಕೆರೆಗೆ ಹೋಗುತ್ತಿದ್ದ. ಮೀನು ಹಿಡಿಯುತ್ತಿದ್ದ. ಹಿಡಿದದ್ದನ್ನು ಹಾಗೇ ನೀರಿಗೆ ಬಿಟ್ಟು ಬರುತ್ತಿದ್ದ. ಇದರಿಂದ ಮೀನು ತಿನ್ನುವವರಿಗೂ ಸಿಟ್ಟು, ತಿನ್ನದವರಿಗೂ ಸಿಟ್ಟು. ಮೀನಿನ ಬಾಯಿಗೆ ನೋವು ಕಡಿಮೆಯಾಗಲೆಂದು ಅವರು ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಚಾಚಿದ ಹಿಮ್ಮುಳ್ಳನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡುತ್ತಿದ್ದರು. ಎರೆಹುಳು ಮುಟ್ಟುತ್ತಿರಲಿಲ್ಲ. ಜೋಳದ ಹಿಟ್ಟಿಗೆ ಬೆಲ್ಲ, ಇಂಗು ಹಾಕಿ ನಾದಿದ ಉಂಡೆಯೇ ಮೀನಿಗೆ ಊಟ. ಒಟ್ಟಿನಲ್ಲಿ ಆ ಕೆರೆಯ ಮೀನುಗಳು ಭಾನುವಾರಕ್ಕೊಮ್ಮೆ ನಮ್ಮ ಮನೆಯ ಫಳಾರ ತಿಂದು, ಗಾಳಿ ಕುಡಿದು, ವಾಪಸು ಹೋಗುತ್ತಿದ್ದವು. ಆದರೂ ನನಗೆ ಅನ್ನಿಸುವುದು, ಅವರಿಗೆ ಮೀನಿಗಿಂತ ಆ ರೀಲಿನ ಮೇಲೆಯೇ ಪ್ರೀತಿ ಹೆಚ್ಚು. ಅವರ ಕಂಪನಿಗೆ ಬಂದಿದ್ದ ಜಪಾನಿನ ಇಂಜಿನಿಯರೊಬ್ಬರು ಊರಿಗೆ ಮರಳುವಾಗ ಕೊಟ್ಟು ಹೋಗಿದ್ದು ಅದು. ಹಿಡಿಕೆ ತಿರುಗಿಸಿದರೆ ಸದ್ದಿಲ್ಲದೆ, ತುಪ್ಪದಲ್ಲಿ ಬೆರಳಾಡಿಸಿದಂತೆ ತಿರುಗುತ್ತಿತ್ತು. ಟಿವಿ ನೋಡುವಾಗಲೂ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ತಿರುಗಿಸುತ್ತಿದ್ದರು. "ನೋಡು, ಮಾಡಿದ್ರ ಹಿಂಗ ಮಾಡಬೇಕು" ಎನ್ನುತ್ತಿದ್ದರು. ನಾನು ರೊಟ್ಟಿ ಮಾಡಿದಾಗ ಒಮ್ಮೆಯೂ ಹಾಗೆ ಹೇಳಿದವರಲ್ಲ.

ದಸರೆಯ ಹೊತ್ತಿಗೆ ನನ್ನ ಮೈದುನ ಈರಣ್ಣ ಬಂದ. ಪೀಣ್ಯದಲ್ಲಿ ವೆಲ್ಡಿಂಗ್ ಕೆಲಸ ಅವನದು. ಒಳ್ಳೆಯ ಹುಡುಗ, ಆದರೆ ನಾಲ್ಕು ಜನ ಹೇಳಿದ್ದನ್ನೆಲ್ಲ ನಂಬುತ್ತಾನೆ. ಚಹಾ ಕುಡಿದು, ಲೋಟದ ತಳ ನೋಡುತ್ತ ಹೇಳಿದ: "ವೈನಿ, ಅಣ್ಣನ ಆ ಗಾಳ ಕೊಡ್ರಿ. ಕೆರಿಗೆ ಒಗದು ಬರ್ತೀನಿ. ಅಷ್ಟು ಆಸೆಪಟ್ಟ ವಸ್ತು ಮನ್ಯಾಗ ಇಟ್ಕೋಬಾರದಂತ. ಜೀವ ಅದರಾಗ ಸಿಕ್ಕೊಂಡಿರತೈತಂತ."

"ಜೀವ ಅದರಾಗ ಐತಿ ಅಂದ್ಮ್ಯಾಲೆ ನೀರಿಗೆ ಯಾಕ ಒಗಿತೀಯೋ? ನಿಮ್ಮಣ್ಣಗ ಈಸು ಬರತಿರಲಿಲ್ಲ."

"ಹಂಗಲ್ರಿ ವೈನಿ, ನೀವಾದ್ರೂ ಅದನ್ನ ಇಟ್ಕೊಂಡು ಏನು ಮಾಡ್ತೀರಿ?" ಎಂದ ಈರಣ್ಣ. ಇದು ನ್ಯಾಯವಾದ ಪ್ರಶ್ನೆಯೇ. ಆದರೆ ಅವರು ಹೋದ ಮೇಲೆ ಎಲ್ಲರೂ ನನ್ನಿಂದ ಏನಾದರೊಂದನ್ನು ತೆಗೆಯಲು ಬರುತ್ತಿದ್ದರು. ಬಳೆ ತೆಗೆ, ಹೂವು ತೆಗೆ, ಅವರ ಅಂಗಿಗಳನ್ನು ಬೀರುವಿನಿಂದ ತೆಗೆ. ಸುಮ್ಮನಿದ್ದು ಸುಮ್ಮನಿದ್ದು ನನಗೂ ಸಾಕಾಗಿತ್ತು. "ನಾ ಮೀನು ಹಿಡೀತೀನಿ" ಎಂದುಬಿಟ್ಟೆ. ಆಡಿದ ಮೇಲೆ ಅವನಿಗಿಂತ ಹೆಚ್ಚು ಬೆಚ್ಚಿದ್ದು ನಾನೇ. ಹುಟ್ಟಿದಾಗಿನಿಂದ ಒಂದು ಮೀನನ್ನೂ ಮುಟ್ಟಿದವಳಲ್ಲ ನಾನು. ಆದರೆ ಮಾತು ಹೊರಬಿದ್ದಿತ್ತು. ಈಗ ಹಿಂದೆಗೆದರೆ ರೀಲು ಕೆರೆಯ ತಳ ಸೇರುವುದು ಖಂಡಿತ.

ಆಯುಧಪೂಜೆಯ ದಿನ ನಮ್ಮ ಬೀದಿಯಲ್ಲಿ ಪೂಜೆ ಆಗದ ಗಾಲಿಯೇ ಇರಲಿಲ್ಲ. ಕಂಪನಿ ಬಸ್ಸು, ನೀರಿನ ಟ್ಯಾಂಕರು, ಪಕ್ಕದ ಮನೆಯವರ ಮಿಕ್ಸಿಗೂ ಚೆಂಡುಹೂವು. ವರ್ಷ ತುಂಬದ ಮನೆಗೆ ಹಬ್ಬವಿಲ್ಲವೆಂದು ನಾನು ಬಾಗಿಲು ಹಾಕಿ ಕೂತಿದ್ದೆ. ಎದುರಿಗೆ ಮೂಲೆಯಲ್ಲಿ ರೀಲೂ ಹಾಗೇ ಕೂತಿತ್ತು. ಸತ್ತದ್ದು ಅದರ ಯಜಮಾನ, ಅದೇನು ತಪ್ಪು ಮಾಡಿದೆ ಎನ್ನಿಸಿತು. ಮಣೆಯ ಮೇಲಿಟ್ಟು ವಿಭೂತಿ ಹಚ್ಚಿದೆ. ಕುಂಕುಮವನ್ನೂ ಧಾರಾಳವಾಗಿಯೇ ಏರಿಸಿದೆ. ಅಷ್ಟರಲ್ಲಿ ಮಹಡಿಯ ಮೇಲಿನ ಮನೆ ಓನರಮ್ಮ ಕಿಟಕಿಯಲ್ಲಿ ಕಂಡರು. ಈ ಊರಿನ ಮೂಲದವರು, ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆ ಬೆಳೆಯುವವರು. "ಯಾಕವ್ವ ಮಾದೇವಿ, ವರ್ಸ ತುಂಬೋಗಂಟ ಅಬ್ಬ ಮಾಡ್ಬಾರ್ದು ಅಂತಾರಲ್ಲ? ಅದ್ರಲ್ಲೂ ನೀನು ಕುಂಕುಮ ಮುಟ್ಟಿದ್ಯಾ?" ಎಂದರು. "ನನ್ನ ಹಣೆಗಲ್ರಿ ಅಮ್ಮ, ಮಷೀನಿಗೆ" ಎಂದೆ. ಅವರು ರೀಲನ್ನು ನೋಡಿದರು, ನನ್ನನ್ನು ನೋಡಿದರು, ಸರಕ್ಕನೆ ತಿರುಗಿ ಹೋದರು. ಬೈಯಲು ಜನ ಕರೆತರುತ್ತಾರೆಂದು ಸೆರಗು ಬಿಗಿದು ಕಾದೆ. ವಾಪಸು ಬಂದವರು ಒಂದು ಮೊಳ ಚೆಂಡುಹೂವು ಒಳಗೆ ಚಾಚಿದರು. "ಬೋಳಾಗೈತೆ, ಇಂಗೆ ಸುತ್ತಿ ಇಕ್ಕು" ಎಂದರು.

ಪ್ರತಿ ವರ್ಷ ನಮ್ಮ ಮನೆಯವರು ಪೂಜೆಗೆ ರೀಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಚೀಲಕ್ಕೆ ಮಾತ್ರ ಕುಂಕುಮ ಹಚ್ಚುತ್ತಿದ್ದರು. ದೇವರ ಕಾರ್ಯದಲ್ಲೂ ಜಿಪುಣತನ ಎಂದು ನಾನು ಆಡಿಕೊಳ್ಳುತ್ತಿದ್ದೆ. ಮರುದಿನ ಹಿಡಿಕೆ ತಿರುಗಿಸಿದಾಗ ಕಾರಣ ಗೊತ್ತಾಯಿತು. ಕುಂಕುಮ ಗ್ರೀಸಿನೊಳಗೆ ಇಳಿದು, ರೀಲು ಕಾಫಿಬೀಜ ಬೀಸುವ ಯಂತ್ರದಂತೆ ಗರಗರ ಎಂದಿತು. ಪೇಪರು ಹಾಸಿ, ಸ್ಕ್ರೂ ಒಂದೊಂದಾಗಿ ಬಿಚ್ಚಿದೆ. ಒಂದು ಸ್ಪ್ರಿಂಗು ಹಾರಿ ಬೀರುವಿನ ಕೆಳಗೆ ಹೋಯಿತು. ನೆಲಕ್ಕೆ ಕೆನ್ನೆಯಿಟ್ಟು ಹುಡುಕಿ ತೆಗೆದೆ. ಉಜ್ಜಿ, ಒರೆಸಿ, ಮತ್ತೆ ಜೋಡಿಸಿದಾಗ ಒಂದು ವಾಷರು ಉಳಿಯಿತು. ಎಲ್ಲಿಯದೆಂದು ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಅದಿಲ್ಲದೆಯೂ ರೀಲು ತಿರುಗಿತು. ಮೊದಲಿನ ಹಾಗಲ್ಲ, ಸ್ವಲ್ಪ ಗೊಣಗುತ್ತಾ.

ಭಾನುವಾರ ಜೋಳದ ಉಂಡೆ ಕಟ್ಟಿಕೊಂಡು ಕೆರೆಗೆ ಹೋದೆ. ಕೆರೆ ಗುತ್ತಿಗೆ ಹಿಡಿದವರ ಕಾವಲುಗಾರ ಓಡಿ ಬಂದ. "ಅಕ್ಕಾ, ಇಲ್ಲಿ ಲೇಡೀಸ್ ಹಿಡಿಯಲ್ಲ" ಎಂದ. "ಹಂಗಂತ ಬೋರ್ಡ್ ಹಾಕೀರೇನಪ್ಪ?" ಎಂದೆ. ಅವನು ಕೋಲನ್ನು ನೋಡಿ ಗುರುತು ಹಿಡಿದ. "ಇದು ಬಿಟ್ಬಿಡೋ ಸಾರ್‌ದು ಅಲ್ವಾ? ಎಲ್ಲಿ ಸಾರ್ ಕಾಣ್ತಾನೇ ಇಲ್ಲ?" ಆದದ್ದನ್ನು ಹೇಳಿದೆ. ಅವನು ತಲೆಯ ಟವಲು ತೆಗೆದು, "ಕೂತ್ಕೊಳ್ಳಿ ಅಕ್ಕಾ" ಎಂದು ಹೋದ. ಪಕ್ಕದಲ್ಲಿ ದುಬಾರಿ ಟೋಪಿ, ದುಬಾರಿ ಕೋಲು ಹಿಡಿದ ಐಟಿ ಕಂಪನಿಯ ಯುವಕನೊಬ್ಬ ಕೂತಿದ್ದ. "ಮೇಡಂ, ರೀಲ್ ಸಕ್ಕತ್ತಾಗಿದೆ! ಒಂದ್ಸಲ ತಿರುಗಿಸ್ಲಾ?" ಎಂದು ಕೇಳಿ ತಿರುಗಿಸಿದ. "ಏನೋ ಗರಗರ ಅಂತಿದೆ. ಮರಳು ಹೋಗಿದ್ಯಾ?" "ಕುಂಕುಮ." "ಏನು?" "ಕುಂಕುಮಪ್ಪ. ಪೂಜಿ ಮಾಡಿದ್ದೆ." ಅವನು ರೀಲನ್ನು ಎರಡೂ ಕೈಯಿಂದ ನನಗೆ ವಾಪಸು ಕೊಟ್ಟ.

ಮೊದಲ ಬೀಸಿಗೆ ಗಾಳ ನನ್ನ ಸೆರಗಿಗೇ ಸಿಕ್ಕಿತು. ಎರಡನೆಯದು ಯುವಕನ ಟೋಪಿಗೆ. ಹಿಮ್ಮುಳ್ಳಿಲ್ಲದ ಕೊಕ್ಕೆ, ಸಲೀಸಾಗಿ ಬಂತು. ಕೊನೆಗೂ ದಾರ ನೀರಿಗೆ ಬಿತ್ತು. ಬಿಸಿಲು ಏರಿದ ಮೇಲೆ ಒಮ್ಮೆಲೇ ಕೋಲು ಬಾಗಿತು. "ಸುತ್ತಿ ಮೇಡಂ, ಸುತ್ತಿ!" ಎಂದು ಅವನು ಕುಣಿದಾಡಿದ. ನಾನು ಹಲ್ಲು ಕಚ್ಚಿ ಸುತ್ತಿದೆ. ಬಂದದ್ದು ಅಂಗೈಯಗಲದ ಮೀನು. ಅದನ್ನು ಇಲ್ಲಿ ಜಿಲೇಬಿ ಎನ್ನುತ್ತಾರಂತೆ. ಯಾವ ಪುಣ್ಯಾತ್ಮ ಇಟ್ಟ ಹೆಸರೋ. ಕಣ್ಣು ಮುಚ್ಚಿ ಕೈಯಿಟ್ಟೆ. ತಣ್ಣಗೆ, ಬಿಗಿಯಾಗಿ ಬಡಿದುಕೊಳ್ಳುತ್ತಿತ್ತು. ಕೊಕ್ಕೆ ತಾನೇ ಜಾರಿತು, ಮೀನೂ ಜಾರಿತು. ನಾನು ಬಿಟ್ಟೆನೋ, ಅದೇ ಹೋಯಿತೋ, ಈಗಲೂ ಗೊತ್ತಿಲ್ಲ. ಬಿಟ್ಟೆ ಎಂದೇ ಎಲ್ಲರಿಗೂ ಹೇಳುತ್ತೇನೆ.

ದಾರಿಯಲ್ಲಿ ಈರಣ್ಣನ ಫೋನು. "ವೈನಿ, ಕೆರಿಗೆ ಹೋಗಿದ್ರಂತ ಖರೇನ?" "ಹೌದು. ಬರೋ ಐತಾರನೂ ಹೋಗ್ತೀನಿ. ಯಾರು ಏನು ಅಂತಾರೋ ಅವರಿಗೆ ನನಗೇ ಬಂದು ಅನ್ರಿ ಅಂತ ಹೇಳು." ಮನೆಗೆ ಬಂದು ಬೀಗ ತೆಗೆದೆ. ಕೋಲು ಮೂಲೆಗಿಟ್ಟು, ಹಾಲಿನ ನಡುವೆ ನಿಂತು, ಎರಡೂ ಕೈ ಅಗಲಿಸಿ, "ಇಷ್ಟಿತ್ತು" ಎಂದು ಗಟ್ಟಿಯಾಗಿ ಹೇಳಿದೆ. ಅಷ್ಟು ಖಂಡಿತ ಇರಲಿಲ್ಲ. ನನ್ನ ಸುಳ್ಳು ಕೇಳಿ ನಗಲು ಮನೆಯಲ್ಲಿ ಅವರು ಇಲ್ಲ.